ಚೆಂಡಿನ ಹಿಂದೆ ಓಡಬೇಡಿ: ಮೈದಾನದಿಂದ ರೀಲ್ಸ್, ಫೋಟೊ, ಪೋಸ್ಟ್ ಮಾಡುವವರಿಗೆ

ಒಂದು ತಂಡದ ಪೇಜ್‌ಗೆ ವಿಡಿಯೊ ಮಾಡಲು ನಾನು ಮೊದಲ ಸಲ ಹೋಗಿದ್ದು ವಾಲಿಬಾಲ್ ಫೈನಲ್‌ಗೆ. ಐದು ಸೆಟ್‌ವರೆಗೂ ಎಳೆದ ಪಂದ್ಯ. ಎರಡು ಗಂಟೆ ಮೊಬೈಲ್ ಕೆಳಗಿಳಿಸಲಿಲ್ಲ. ಒಂದೂ ಸ್ಮ್ಯಾಶ್ ಬಿಡದೆ ಹಿಡಿದಿದ್ದೇನೆ ಅಂತ ಖುಷಿಯಲ್ಲಿದ್ದೆ. ರಾತ್ರಿ ಕೂತು ನೋಡಿದರೆ ಸ್ಮ್ಯಾಶ್‌ಗಳೆಲ್ಲ ಮಸುಕು ಮಸುಕು. ಚೆಂಡು ಎಲ್ಲಿದೆ ಅಂತ ಹುಡುಕಬೇಕು. ಅಷ್ಟು ರಾಶಿಯಲ್ಲಿ ಕೆಲಸಕ್ಕೆ ಬಂದಿದ್ದು ಒಂಬತ್ತು ಸೆಕೆಂಡಿನ ಒಂದೇ ತುಣುಕು. ಎದುರಾಳಿ ಸರ್ವಿಸ್ ಮಾಡುವ ಮುಂಚೆ ನಮ್ಮ ಲಿಬೆರೊ (ಹಿಂದೆ ನಿಂತು ಚೆಂಡು ಎತ್ತಿಕೊಡುವ ಆಟಗಾರ್ತಿ) ಹುಡುಗಿ ಮಂಡಿಯೂರಿ, ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಪುಟ್ಟ ಟವೆಲ್‌ನಿಂದ ನೆಲದ ಮೇಲಿನ ಬೆವರು ಒರೆಸುತ್ತಾಳೆ. ಎದ್ದು ನಿಲ್ಲುತ್ತಾಳೆ. ಅಂಗೈ ಚಡ್ಡಿಗೆ ಉಜ್ಜಿಕೊಂಡು ತನ್ನ ಜಾಗಕ್ಕೆ ಬಗ್ಗುತ್ತಾಳೆ. ಅಷ್ಟೇ. ಜನ ಒಬ್ಬರಿಂದ ಒಬ್ಬರಿಗೆ ಕಳಿಸಿಕೊಂಡಿದ್ದು ಅದನ್ನೇ.

ಅವತ್ತಿನಿಂದ ನಾನು ಬಿಡದೆ ಪಾಲಿಸುತ್ತಿರುವುದು ಒಂದೇ ಮಾತು. ಚೆಂಡಿನ ಹಿಂದೆ ಓಡುವ ಕೆಲಸ ಟಿವಿಯವರಿಗೆ ಬಿಟ್ಟುಬಿಡಿ. ಅವರ ಹತ್ತಿರ ಸಾಲುಸಾಲು ಕ್ಯಾಮೆರಾ ಇವೆ, ನಮ್ಮ ತೋಳುದ್ದದ ಲೆನ್ಸ್ ಇವೆ, ನೂರಾರು ಪಂದ್ಯ ಹಿಡಿದ ಕೈಗಳಿವೆ. ಆದರೆ ನೀವು ಕೂತ ಜಾಗದಿಂದ ಮಾತ್ರ ಕಾಣುವಂಥದ್ದು ಏನೋ ಒಂದು ಇದ್ದೇ ಇರುತ್ತದೆ. ಅದನ್ನು ಹುಡುಕಿ ಹಿಡಿಯುವುದು ಹೇಗೆ ಅಂತ ಒಂದೊಂದೇ ಹೆಜ್ಜೆಯಾಗಿ ಹೇಳುತ್ತೇನೆ. ಸ್ಟ್ಯಾಂಡಿನಲ್ಲಿ ಕೂತ ಅಭಿಮಾನಿಗೂ ಇದು ಆಗುತ್ತದೆ, ಸಣ್ಣ ಕ್ಲಬ್ಬಿನ ಪೇಜ್ ನೋಡಿಕೊಳ್ಳುವವರಿಗೂ ಆಗುತ್ತದೆ.

ಟಿಕೆಟ್ ಹಿಂದಿನ ಸಣ್ಣ ಅಕ್ಷರ ಓದಿ

ಮೊದಲ ಹೆಜ್ಜೆ ಇದೇ. ಬೇಜಾರಿನ ಕೆಲಸ, ಆದರೆ ಬಿಡುವ ಹಾಗಿಲ್ಲ.

ದೊಡ್ಡ ಪಂದ್ಯಗಳ ಪ್ರಸಾರದ ಹಕ್ಕನ್ನು ಯಾರೋ ಭಾರಿ ದುಡ್ಡು ಕೊಟ್ಟು ಕೊಂಡಿರುತ್ತಾರೆ. ಹಾಗಾಗಿ ಆಟ ನಡೆಯುವಾಗ ಮೈದಾನದಿಂದ ಲೈವ್ ಹೋಗುವುದು ಹೆಚ್ಚಿನ ಕಡೆ ನಿಷಿದ್ಧ. ಸ್ವಂತಕ್ಕೆ ಫೋಟೊ, ಸಣ್ಣ ವಿಡಿಯೊ ತೆಗೆದುಕೊಳ್ಳಲು ಬಿಡುತ್ತಾರೆ. ಅದರಿಂದ ದುಡ್ಡು ಮಾಡುವುದಕ್ಕೆ ಬಿಡುವುದಿಲ್ಲ. ಬ್ರ್ಯಾಂಡ್ ಜೊತೆ ಒಪ್ಪಂದ ಮಾಡಿಕೊಂಡು ಪೋಸ್ಟ್ ಹಾಕುವುದಾದರೆ ಆಯೋಜಕರ ಒಪ್ಪಿಗೆಯನ್ನು ಬರಹದಲ್ಲೇ ತೆಗೆದುಕೊಳ್ಳಿ. ಟಿವಿಯಲ್ಲಿ ಬಂದ ದೃಶ್ಯವನ್ನು ಸ್ಕ್ರೀನ್ ರೆಕಾರ್ಡ್ ಮಾಡಿ ನಿಮ್ಮ ರೀಲ್‌ಗೆ ಸೇರಿಸುವುದಂತೂ ಬೇಡವೇ ಬೇಡ. ಯೂಟ್ಯೂಬ್‌ನಲ್ಲಿ 2007ರಿಂದಲೇ ಕಂಟೆಂಟ್ ಐಡಿ ಅನ್ನುವ ವ್ಯವಸ್ಥೆ ಇದೆ. ಬೇರೆಯವರ ವಿಡಿಯೊ, ಹಾಡು ಸೇರಿದ್ದರೆ ಯಂತ್ರವೇ ಹುಡುಕಿ ಹಿಡಿಯುತ್ತದೆ.

ಕೆಲವು ಆಟಗಳ ನಿಯಮ ಇನ್ನೂ ಬಿಗಿ. ಟೆನಿಸ್‌ನಲ್ಲಿ ಸ್ಟ್ಯಾಂಡಿನಲ್ಲಿ ಕೂತು ಪಾಯಿಂಟ್ ಪಾಯಿಂಟಿಗೂ ಬೆಟ್ಟಿಂಗ್‌ನವರಿಗೆ ಸ್ಕೋರ್ ಕಳಿಸುವ ಜನ ಇದ್ದಾರೆ. ಸಿಕ್ಕಿಬಿದ್ದರೆ ಹೊರಗೆ ಹಾಕುತ್ತಾರೆ. ಹಾಗಾಗಿ ಅಲ್ಲಿ ಇಡೀ ಹೊತ್ತು ಮೊಬೈಲ್ ಒತ್ತುತ್ತಾ ಕೂತವರ ಮೇಲೆ ಕಣ್ಣಿರುತ್ತದೆ. ಬ್ಯಾಡ್ಮಿಂಟನ್, ಜಿಮ್ನಾಸ್ಟಿಕ್ಸ್, ಶೂಟಿಂಗ್‌ನಲ್ಲಿ ಫ್ಲ್ಯಾಶ್ ಹೊಡೆಯುವ ಹಾಗೇ ಇಲ್ಲ. ಹೈ ಬಾರ್ ಮೇಲೆ ತಲೆಕೆಳಗಾಗಿ ತಿರುಗುತ್ತಿರುವವರ ಕಣ್ಣಿಗೆ ಬೆಳಕು ಬಡಿದರೆ ಏನಾದೀತು, ಯೋಚಿಸಿ. ಮನೆಯಿಂದ ಹೊರಡುವ ಮುಂಚೆಯೇ ಫ್ಲ್ಯಾಶ್ ಆಫ್ ಮಾಡಿಬಿಡಿ. ಆಟೊದಲ್ಲಿ ಇಟ್ಟರೆ ಬೇಡದ ಹೊತ್ತಲ್ಲೇ ಹೊಡೆಯುತ್ತದೆ.

ಟ್ರೈಪಾಡ್, ಸೆಲ್ಫಿ ಸ್ಟಿಕ್, ದೊಡ್ಡ ಲೆನ್ಸ್, ಪವರ್ ಬ್ಯಾಂಕ್ ಒಳಗೆ ಬಿಡುತ್ತಾರಾ ಅಂತಲೂ ನೋಡಿಕೊಳ್ಳಿ. ಗೇಟಿನಲ್ಲಿ ಕಸಿದುಕೊಂಡ ಸಾಮಾನು ವಾಪಸ್ ಸಿಗುವ ಖಾತ್ರಿ ಇಲ್ಲ. ಡ್ರೋನ್ ಮಾತಂತೂ ಆಡಲೇಬೇಡಿ. ಜನರ ತಲೆ ಮೇಲೆ ಅದನ್ನು ಹಾರಿಸುವುದು ಆಯೋಜಕರು ನೇಮಿಸಿದ, ಪರವಾನಗಿ ಇರುವವರ ಕೆಲಸ.

ಹಿಂದಿನ ರಾತ್ರಿ

ಮೊಬೈಲ್‌ನಲ್ಲಿ ಜಾಗ ಖಾಲಿ ಮಾಡಿ. ಎಷ್ಟು ಬೇಕು ಅನ್ನುವುದಕ್ಕೆ ಒಂದು ಲೆಕ್ಕ ಕೊಡುತ್ತೇನೆ. ಐಫೋನ್‌ನ ಸೆಟ್ಟಿಂಗ್‌ನಲ್ಲೇ ಬರೆದಿರುವ ಪ್ರಕಾರ, ಜಾಗ ಉಳಿಸುವ ಹೆಚ್‌ಇವಿಸಿ ಮಾದರಿಯಲ್ಲಿ 1080ಪಿ, ಸೆಕೆಂಡಿಗೆ 30 ಫ್ರೇಮ್‌ನ ಒಂದು ನಿಮಿಷಕ್ಕೆ ಸುಮಾರು 60 ಎಂಬಿ. 4ಕೆ, 30 ಫ್ರೇಮ್ ಆದರೆ 170 ಎಂಬಿ. 4ಕೆ, 60 ಫ್ರೇಮ್ ಆದರೆ 400 ಎಂಬಿ. ಅಂದರೆ ಈ ಕೊನೆಯದರಲ್ಲಿ ಒಂದು ಗಂಟೆ ಹಿಡಿದರೆ 24 ಜಿಬಿ. ಬೇರೆ ಮೊಬೈಲ್‌ಗಳಲ್ಲಿ ಅಂಕಿ ಹೆಚ್ಚುಕಮ್ಮಿ ಇರುತ್ತದೆ, ಲೆಕ್ಕದ ರೀತಿ ಇದೇ.

ಪವರ್ ಬ್ಯಾಂಕ್ ವಿಷಯದಲ್ಲಿ ಮೋಸ ಹೋಗಬೇಡಿ. 10,000 ಎಂಎಎಚ್ ಅಂತ ಬರೆದಿದ್ದರೆ 5,000ದ ಬ್ಯಾಟರಿ ಎರಡು ಸಲ ತುಂಬುತ್ತದೆ ಅನಿಸುತ್ತದೆ, ಅಲ್ವಾ? ಹಾಗಾಗುವುದಿಲ್ಲ. ವೋಲ್ಟೇಜ್ ಬದಲಾಗುವಾಗ, ಬಿಸಿಯಾಗುವಾಗ ಒಂದಷ್ಟು ಸೋರಿ ಹೋಗುತ್ತದೆ. ಒಂದು ಸಲ ಪೂರ್ತಿ, ಇನ್ನೊಂದು ಸಲ ಒಂಚೂರು ಅಂತಲೇ ಇಟ್ಟುಕೊಳ್ಳಿ. ಕೇಬಲ್ ಮಾತ್ರ ಎರಡು ಒಯ್ಯಿರಿ. ಕೈ ಕೊಡುವುದು ಯಾವಾಗಲೂ ಕೇಬಲ್ಲೇ.

ಲೆನ್ಸ್ ಒರೆಸಲು ಮೆತ್ತನೆಯ ಬಟ್ಟೆ ಇರಲಿ. ಜೇಬಿನಿಂದ ತೆಗೆದ ಮೊಬೈಲ್ ಲೆನ್ಸ್ ಮೇಲೆ ಬೆರಳಿನ ಜಿಡ್ಡು ಇದ್ದೇ ಇರುತ್ತದೆ. ರಾತ್ರಿ ಫ್ಲಡ್‌ಲೈಟ್ ಬೆಳಕು ಅದರ ಮೇಲೆ ಬಿದ್ದರೆ ಇಡೀ ಚಿತ್ರಕ್ಕೆ ಹಾಲು ಚೆಲ್ಲಿದ ಹಾಗಾಗುತ್ತದೆ.

ಆಮೇಲೆ ಒಂದು ಚೀಟಿ ಬರೆಯಿರಿ. ನನ್ನ ಮಟ್ಟಿಗೆ ಇಡೀ ತಯಾರಿಯಲ್ಲಿ ಇದೇ ಮುಖ್ಯ. ಏನೇನು ಹಿಡಿಯಬೇಕು ಅಂತ ಐದಾರು ಸಾಲು, ಜಾಸ್ತಿ ಬೇಡ. ಖಾಲಿ ಸ್ಟ್ಯಾಂಡ್, ವಾರ್ಮ್ ಅಪ್, ತಂಡ ಒಳಗೆ ಬರುವ ದಾರಿ, ಬೆಂಚ್, ಒಬ್ಬ ಅಭಿಮಾನಿಯ ಮುಖ, ಮುಗಿದ ಮೇಲಿನ ಐದು ನಿಮಿಷ. ಎರಡೂ ತಂಡದ ಆಟಗಾರರ ಹೆಸರು, ಜೆರ್ಸಿ ನಂಬರ್ ಅದೇ ಚೀಟಿಯಲ್ಲಿರಲಿ. ಹೆಸರಿನ ಕಾಗುಣಿತ ಸರಿಯಿದೆಯಾ ಅಂತ ಆಗಲೇ ನೋಡಿಕೊಳ್ಳಿ. ಗಲಾಟೆಯ ನಡುವೆ ನಿಂತು ಅದನ್ನು ಹುಡುಕುತ್ತಾ ಕೂರಲು ಆಗುವುದಿಲ್ಲ.

ಗೇಟು ತೆರೆಯುವ ಹೊತ್ತಿಗೇ ಒಳಗಿರಿ

ಪಂದ್ಯಕ್ಕೆ ಮುಂಚಿನ ಒಂದು ಗಂಟೆ ಚಿನ್ನದಂಥ ಹೊತ್ತು. ಜನ ಕಮ್ಮಿ, ನೆಟ್‌ವರ್ಕ್ ಚೆನ್ನಾಗಿರುತ್ತದೆ, ಕಾವಲಿನವರೂ ನಗುಮುಖದಲ್ಲಿರುತ್ತಾರೆ. ಆಟಗಾರರು ವಾರ್ಮ್ ಅಪ್‌ಗೆ ನಿಮ್ಮ ಹತ್ತಿರದ ಗೆರೆವರೆಗೂ ಬರುತ್ತಾರೆ. ಆಟ ಶುರುವಾದ ಮೇಲೆ ಇಷ್ಟು ಹತ್ತಿರ ಸಿಗುವುದಿಲ್ಲ.

ಈ ಹೊತ್ತಿನಲ್ಲಿ ಕೈಗಳನ್ನು ನೋಡಿ. ಬೆರಳಿಗೆ ಟೇಪ್ ಸುತ್ತಿಕೊಳ್ಳುವ ಕೈ. ಬ್ಯಾಟ್ ಹಿಡಿಯ ಗ್ರಿಪ್ ಸರಿ ಮಾಡುವ ಕೈ. ಚಾಕ್ ಪುಡಿ ತಟ್ಟಿಕೊಳ್ಳುವ ಕೈ. ಗೋಲ್‌ಕೀಪರ್ ಕಂಬದಿಂದ ಕಂಬಕ್ಕೆ ಹೆಜ್ಜೆ ಅಳೆಯುವುದು. ಒಂದೊಂದು ಐದು ಸೆಕೆಂಡ್ ಸಾಕು, ಕೈ ಅಲುಗದ ಹಾಗೆ ಹಿಡಿಯಿರಿ. ಸಂಜೆ ಎಡಿಟ್‌ಗೆ ಕೂತಾಗ ಇವು ಎಷ್ಟು ಕೆಲಸಕ್ಕೆ ಬರುತ್ತವೆ ಅಂತ ಗೊತ್ತಾಗುತ್ತದೆ.

ಮೈದಾನಕ್ಕೆ ಒಂದು ಸುತ್ತು ಹಾಕಿ. ಸೂರ್ಯ ಎಲ್ಲಿ ಮುಳುಗುತ್ತಾನೆ, ನೆರಳು ಎಲ್ಲಿಗೆ ಬರುತ್ತದೆ ಅಂತ ನೋಡಿ. ಎದುರು ಬಿಸಿಲಿಗೆ ಕೂತರೆ ಆಟಗಾರರೆಲ್ಲ ಕಪ್ಪು ಆಕೃತಿ. ಮೈ ಸುಡುವ ಬಿಸಿಲಿದ್ದರೆ ಮೊಬೈಲ್‌ಗೂ ನೆರಳು ಬೇಕು. ಐಫೋನ್ ಬಳಸಲು ಕಂಪನಿ ಹೇಳುವ ಹೊರಗಿನ ಉಷ್ಣತೆ 0ರಿಂದ 35 ಡಿಗ್ರಿ ಸೆಲ್ಸಿಯಸ್. ಅದನ್ನು ಮೀರಿದರೆ ಪರದೆ ಮಂಕಾಗುತ್ತದೆ, ಚಾರ್ಜ್ ನಿಲ್ಲುತ್ತದೆ, ಇನ್ನೂ ಕಾದರೆ ರೆಕಾರ್ಡಿಂಗೇ ನಿಂತು ಹೋಗುತ್ತದೆ. ಬಿಡುವಿದ್ದಾಗ ಟೋಪಿಯಡಿ ಇಡಿ. ಬಿಸಿಲಲ್ಲಿ ಚಾರ್ಜಿಗೆ ಹಾಕಬೇಡಿ.

ಉದ್ಘಾಟನೆಯಲ್ಲಿ ಲೇಸರ್ ಬೆಳಕಿನ ಆಟ ಇದ್ದರೆ ಹುಷಾರು. ಲೇಸರ್ ನೇರವಾಗಿ ಲೆನ್ಸ್ ಒಳಗೆ ಬಿದ್ದರೆ ಕ್ಯಾಮೆರಾ ಸೆನ್ಸರ್ ಸುಟ್ಟು, ಚಿತ್ರದಲ್ಲಿ ಅಳಿಸಲಾಗದ ಗೆರೆ ಬೀಳಬಹುದು.

ಕ್ಯಾಮೆರಾಗೆ ನಾಲ್ಕು ಮಾತು ಹೇಳಿಕೊಡಿ

ನನ್ನ ಆ ವಾಲಿಬಾಲ್ ವಿಡಿಯೊ ಮಸುಕಾಗಿದ್ದು ಯಾಕೆ ಅಂತ ಆಮೇಲೆ ಅರ್ಥವಾಯಿತು. 100 ಮೀಟರ್ ದೂರವನ್ನು 10 ಸೆಕೆಂಡಿನಲ್ಲಿ ಓಡುವವರು ಸೆಕೆಂಡಿಗೆ 10 ಮೀಟರ್ ಮುಂದೆ ಹೋಗುತ್ತಾರೆ. ಕ್ಯಾಮೆರಾದೊಳಗೆ ಬೆಳಕು ಬಿಡುವ ಶಟರ್ ಒಂದು ಸೆಕೆಂಡಿನ ನೂರನೇ ಒಂದು ಭಾಗ ತೆರೆದಿದ್ದರೆ ಅಷ್ಟರಲ್ಲೇ 10 ಸೆಂಟಿಮೀಟರ್ ಜರುಗಿರುತ್ತಾರೆ. ಮುಖ ಮಸುಕಾಗದೆ ಇನ್ನೇನು? ಶಟರನ್ನು ಸಾವಿರನೇ ಒಂದು ಭಾಗಕ್ಕೆ ಇಳಿಸಿದರೆ ಜರುಗುವುದು ಒಂದೇ ಸೆಂಟಿಮೀಟರ್. ಹೊಡೆದ ಚೆಂಡಿನ ವೇಗ ಇದರ ಎರಡು ಮೂರು ಪಟ್ಟು. ಹಾಗಾಗಿ ಫೋಟೊಗೆ ಪ್ರೊ ಮೋಡ್ (ಸೆಟ್ಟಿಂಗ್ ನಾವೇ ಬದಲಿಸುವಂಥದ್ದು) ಇದ್ದರೆ ಶಟರ್ ಸ್ಪೀಡ್ 1/1000 ಇಡಿ. ಹಗಲಲ್ಲಿ ಇದು ಸುಲಭ. ರಾತ್ರಿ ಹಾಗೆ ಇಟ್ಟರೆ ಚಿತ್ರ ಕಪ್ಪಾಗುತ್ತದೆ. ಆಗ ಓಟ ಬಿಟ್ಟು ನಿಂತ ಕ್ಷಣ ಹಿಡಿಯಿರಿ. ಬೌಲರ್ ಓಟ ಶುರು ಮಾಡುವ ಮುಂಚೆ ಉಸಿರೆಳೆದುಕೊಳ್ಳುವ ಕ್ಷಣ, ಜಿಗಿತದ ತುದಿ. ಮೇಲಕ್ಕೆ ಹಾರಿದ ಯಾರೇ ಆಗಲಿ, ತುದಿಯಲ್ಲಿ ಒಂದು ಗಳಿಗೆ ನಿಂತ ಹಾಗೆ ಇರುತ್ತಾರೆ.

ವಿಡಿಯೊಗೆ ಬೇರೆ ಲೆಕ್ಕ. ಕರೆಂಟ್ 50 ಹರ್ಟ್ಸ್ ಇರುವ ದೇಶಗಳಲ್ಲಿ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ನಮ್ಮ ಕಣ್ಣಿಗೆ ಕಾಣದು, ಕ್ಯಾಮೆರಾಗೆ ಕಾಣುತ್ತದೆ. ವಿಡಿಯೊದಲ್ಲಿ ಕಪ್ಪು ಪಟ್ಟಿ ಓಡಾಡುವುದು ಇದರಿಂದ. ಅಲ್ಲಿ ಶಟರ್ 1/50 ಅಥವಾ 1/100 ಇಡಿ. 60 ಹರ್ಟ್ಸ್ ಇರುವ ಕಡೆ 1/60 ಅಥವಾ 1/120. ಅಂಚಿನಲ್ಲಿ ಹೊಳೆಯುವ ಎಲ್‌ಇಡಿ ಜಾಹೀರಾತು ಹಲಗೆಗಳೂ ಇದೇ ಕಾಟ ಕೊಡುತ್ತವೆ. ಅವು ಫ್ರೇಮ್‌ನಲ್ಲಿ ಕಮ್ಮಿ ಬರುವ ಹಾಗೆ ನಿಲ್ಲಿ.

ಸ್ಲೋ ಮೋಷನ್ ಎಲ್ಲರಿಗೂ ಇಷ್ಟ. 240 ಫ್ರೇಮ್‌ನಲ್ಲಿ ಹಿಡಿದು 30ರಲ್ಲಿ ಆಡಿಸಿದರೆ ಒಂದು ಸೆಕೆಂಡ್ ಎಂಟು ಸೆಕೆಂಡ್ ಆಗುತ್ತದೆ. ಬಿಸಿಲಲ್ಲಿ ಸೊಗಸಾಗಿ ಬರುತ್ತದೆ, ದೀಪದ ಬೆಳಕಲ್ಲಿ ಮಿಣಮಿಣ ಅನ್ನುತ್ತದೆ. ಇಡೀ ಪಂದ್ಯ ಸ್ಲೋ ಮೋಷನ್‌ನಲ್ಲಿ ಹಿಡಿಯಬೇಡಿ. ಒಂದು ಕ್ಷಣ ಆರಿಸಿಕೊಳ್ಳಿ.

ಜೂಮ್ ಎಳೆಯುವುದರಲ್ಲೂ ಮಿತಿ ಬೇಕು. ಲೆನ್ಸ್‌ಗೆ ಇರುವ ಶಕ್ತಿ ಮುಗಿದ ಮೇಲೆ ಮೊಬೈಲ್ ಮಾಡುವುದು ಚಿತ್ರವನ್ನು ಕತ್ತರಿಸಿ ಹಿಗ್ಗಿಸುವುದಷ್ಟೇ. ಅದರ ಬದಲು 4ಕೆಯಲ್ಲಿ ಅಡ್ಡ ಹಿಡಿಯಿರಿ. 4ಕೆ ಚೌಕಟ್ಟು 3840×2160. ಅದರಿಂದ 1215×2160 ಅಳತೆಯ ನಿಂತ ತುಂಡು ಕತ್ತರಿಸಬಹುದು. ರೀಲ್ಸ್‌ಗೆ ಬೇಕಾಗಿರುವುದು 1080×1920. ಅಂದರೆ ಒಂದೇ ಶಾಟ್‌ನಿಂದ ಅಡ್ಡ ವಿಡಿಯೊನೂ ಆಯಿತು, ನಿಂತ ವಿಡಿಯೊನೂ ಆಯಿತು. ಆಟದ ದೃಶ್ಯಕ್ಕೆ ನಾನು ಹೀಗೇ ಮಾಡುವುದು. ಮುಖ, ಕೈ, ಅಭಿಮಾನಿ ಇಂಥದ್ದಕ್ಕೆಲ್ಲ ಮೊದಲೇ ಮೊಬೈಲ್ ನಿಲ್ಲಿಸಿ ಹಿಡಿಯುತ್ತೇನೆ.

ಬಿಳಿ ಬಟ್ಟೆಯ ಆಟಗಾರರಿದ್ದರೆ ಪರದೆ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಬೆಳಕನ್ನು ಸ್ವಲ್ಪ ಇಳಿಸಿ. ಇಲ್ಲದಿದ್ದರೆ ಬಟ್ಟೆ ಬರೀ ಬಿಳಿ ಕಲೆಯಾಗಿಬಿಡುತ್ತದೆ. ಓಡುವವರ ಜೊತೆ ಕ್ಯಾಮೆರಾ ತಿರುಗಿಸುವಾಗ ಮೊಣಕೈ ಪಕ್ಕೆಗೆ ಒತ್ತಿಕೊಂಡು, ಪಾದ ಕದಲಿಸದೆ ಸೊಂಟದಿಂದ ತಿರುಗಿ.

ಆಟ ಶುರುವಾಯಿತು. ಎಲ್ಲಿ ನೋಡುತ್ತೀರಿ?

ಇಲ್ಲಿಂದ ಮುಂದೆ ಕೆಲಸಕ್ಕೆ ಬರುವುದು ನಿಮಗೆ ಆಟದ ಬಗ್ಗೆ ಇರುವ ತಿಳಿವಳಿಕೆ. ಕ್ಯಾಮೆರಾ ಎಷ್ಟೇ ಒಳ್ಳೆಯದಿರಲಿ, ಮುಂದೆ ಏನಾಗಬಹುದು ಅಂತ ಅದಕ್ಕೆ ಗೊತ್ತಿರುವುದಿಲ್ಲ.

2024ರ ಜುಲೈ 29ರಂದು ಪ್ಯಾರಿಸ್ ಒಲಿಂಪಿಕ್ಸ್‌ನ ಸರ್ಫಿಂಗ್ ತಾಹಿತಿ ದ್ವೀಪದ ತೇಹುಪೋದಲ್ಲಿ ನಡೆಯುತ್ತಿತ್ತು. ಬ್ರೆಜಿಲ್‌ನ ಗೇಬ್ರಿಯಲ್ ಮೆಡಿನಾ ಒಂದು ಅಲೆ ಏರಿ 9.90 ಅಂಕ ಪಡೆದರು. ಅಲೆಯಿಂದ ಹೊರಗೆ ಚಿಮ್ಮಿ, ಒಂದು ಬೆರಳು ಆಕಾಶಕ್ಕೆತ್ತಿ, ಗಾಳಿಯಲ್ಲಿ ನೆಟ್ಟಗೆ ನಿಂತ ಹಾಗಿದ್ದ ಅವರ ಫೋಟೊ ನೀವೂ ನೋಡಿರುತ್ತೀರಿ. ಪಕ್ಕದಲ್ಲಿ ಅವರ ಹಲಗೆಯೂ ಹಾಗೇ ನೆಟ್ಟಗೆ. ಎಎಫ್‌ಪಿ ಸುದ್ದಿಸಂಸ್ಥೆಯ ಜೆರೋಮ್ ಬ್ರುಯೆ ಅದನ್ನು ದೋಣಿಯಲ್ಲಿ ನಿಂತು ತೆಗೆದರು. ಅಲೆಯ ಹಿಂದಿದ್ದ ಮೆಡಿನಾ ಬ್ರುಯೆ ಕಣ್ಣಿಗೇ ಬೀಳುತ್ತಿರಲಿಲ್ಲ. ಆದರೂ ಸವಾರಿ ಮುಗಿದ ಮೇಲೆ ಸರ್ಫರ್ ಹೊರಗೆ ಚಿಮ್ಮುವ ಕ್ಷಣಕ್ಕೆ ಕ್ಯಾಮೆರಾ ಹಿಡಿದು ಕಾದಿದ್ದರು. ತೆಗೆದಿದ್ದು ನಾಲ್ಕು ಫೋಟೊ. ಅದರಲ್ಲಿ ಒಂದು ಇದು. ಗಮನಿಸಿ, ಅಲೆ ಆಗಲೇ ಮುಗಿದಿತ್ತು.

ಇನ್ನೊಂದು ನಮಗೆಲ್ಲ ನೆನಪಿರುವಂಥದ್ದು. 2021ರ ಆಗಸ್ಟ್ 7, ಟೋಕಿಯೊ. ನೀರಜ್ ಚೋಪ್ರಾ ಎರಡನೇ ಸಲ ಈಟಿ ಎಸೆದರು. ಈಟಿ ಇನ್ನೂ ಗಾಳಿಯಲ್ಲಿದೆ, ಅವರು ಆಗಲೇ ಬೆನ್ನು ತಿರುಗಿಸಿ ಕೈ ಮೇಲೆತ್ತಿದ್ದಾರೆ. ಈಟಿ ಬಿದ್ದಿದ್ದು 87.58 ಮೀಟರ್‌ಗೆ. ಕ್ಯಾಮೆರಾ ಈಟಿಯ ಹಿಂದೆ ಹೋಗಿದ್ದರೆ ಸಿಗುತ್ತಿದ್ದಿದ್ದು ಹುಲ್ಲಿಗೆ ಚುಚ್ಚಿದ ಒಂದು ಕೋಲು. ಎಸೆದವರ ಮೇಲೆ ಇಟ್ಟವರಿಗೆ ಸಿಕ್ಕಿದ್ದು ಚಿನ್ನ ಗೆದ್ದೆ ಅಂತ ಗೊತ್ತಾದ ಮೈ.

ಹಾಗಾಗಿ ನನ್ನ ರೂಢಿ ಹೀಗಿದೆ. ಚೆಂಡು ಕೈಬಿಟ್ಟು ಹೋದ ಮೇಲೂ ಮೂರು ಸೆಕೆಂಡ್ ಆಟಗಾರರ ಮೇಲೇ ಕ್ಯಾಮೆರಾ ಇಡುತ್ತೇನೆ. ಗೋಲ್ ಆದಾಗ ಹೊಡೆದವರ ಕಡೆ ಎಲ್ಲರೂ ತಿರುಗುತ್ತಾರೆ. ನಾನು ಒಮ್ಮೆ ಆ ಕಡೆ, ಇನ್ನೊಮ್ಮೆ ಬಿಟ್ಟುಕೊಟ್ಟ ಗೋಲ್‌ಕೀಪರ್ ಕಡೆ ನೋಡುತ್ತೇನೆ. ನೆಟ್‌ನಿಂದ ಚೆಂಡು ತೆಗೆದು ಒದೆಯುವ ರೀತಿಯಲ್ಲೇ ಅವರ ಮನಸ್ಸು ತಿಳಿಯುತ್ತದೆ. ಬದಲಿ ಆಟಗಾರರ ಬೆಂಚ್ ಇನ್ನೊಂದು ಗಣಿ. ಕೋಚ್ ಹೆಸರು ಕರೆಯುತ್ತಾರೇನೋ ಅಂತ ಮೂರು ಸಲ ಶೂ ಲೇಸ್ ಬಿಚ್ಚಿ ಕಟ್ಟಿದ ಹುಡುಗನನ್ನು ನಾನು ಇಡೀ ಅರ್ಧದಾಟ ನೋಡಿದ್ದೇನೆ. ಕೊನೆಗೆ ಕರೆದರು. ಅವನು ಎದ್ದ ವೇಗ ನೋಡಬೇಕಿತ್ತು.

ಸ್ಟ್ಯಾಂಡ್ ಕಡೆಗೂ ತಿರುಗಿ. ಪೆನಾಲ್ಟಿ ಹೊಡೆಯುವ ಮುಂಚಿನ ಹತ್ತು ಸೆಕೆಂಡ್ ಮೈದಾನಕ್ಕೆ ಬೆನ್ನು ಹಾಕಿ ಜನರ ಮುಖ ಹಿಡಿಯಿರಿ. ಏನಾಯಿತು ಅನ್ನುವುದು ಆ ಮುಖಗಳಲ್ಲೇ ಬರೆದಿರುತ್ತದೆ. ಒಂದು ಪೆನಾಲ್ಟಿ ಕಣ್ಣಾರೆ ನೋಡದೆ ಹೋಗುತ್ತದೆ, ನಿಜ. ಕಷ್ಟವಾಗುತ್ತದೆ. ಅದಕ್ಕೇ ಎಲ್ಲ ಪೆನಾಲ್ಟಿಗೂ ಹೀಗೆ ಮಾಡಬೇಡಿ.

ಒಂದು ಶಾಟ್‌ಗೆ ಐದರಿಂದ ಹದಿನೈದು ಸೆಕೆಂಡ್ ಸಾಕು. ರೆಕಾರ್ಡ್ ಒತ್ತಿ ಸುಮ್ನೆ ಬಿಟ್ಟರೆ ರಾತ್ರಿ ಅದರಲ್ಲಿ ಹುಡುಕುವುದೇ ಕೆಲಸವಾಗುತ್ತದೆ. ಏನಾದರೂ ಒಳ್ಳೆಯದು ಸಿಕ್ಕ ಕೂಡಲೇ ಗ್ಯಾಲರಿಯಲ್ಲಿ ಆ ಕ್ಲಿಪ್‌ಗೆ ಹಾರ್ಟ್ ಗುರುತು ಹಾಕಿ. ಎರಡು ಸೆಕೆಂಡಿನ ಕೆಲಸ ಒಂದು ಗಂಟೆ ಉಳಿಸುತ್ತದೆ.

ಹಿಂದೆ ಕೂತವರನ್ನೂ ಮರೆಯಬೇಡಿ. ಅವರೂ ದುಡ್ಡು ಕೊಟ್ಟು ಬಂದಿದ್ದಾರೆ. ಮೊಬೈಲನ್ನು ತಲೆಗಿಂತ ಮೇಲೆ ಎತ್ತದೆ, ಎದೆ ಮಟ್ಟದಲ್ಲಿ ಹಿಡಿದು ತೆಗೆಯಲು ಅಭ್ಯಾಸ ಮಾಡಿಕೊಳ್ಳಿ.

ಸದ್ದನ್ನು ಬೇರೆಯಾಗಿ ಯೋಚಿಸಿ

ಮೈದಾನದ ಸದ್ದೇ ಅರ್ಧ ವಿಡಿಯೊ. ಬ್ಯಾಟಿಗೆ ಚೆಂಡು ತಾಗಿದ ಟಕ್, ಹಾಕಿ ಸ್ಟಿಕ್‌ನ ಸದ್ದು, ಶೂ ಕಿರ್ರೆನ್ನುವುದು, ಸೀಟಿ, ಒಟ್ಟಿಗೆ ಏಳುವ ಕೂಗು. ಇದನ್ನೆಲ್ಲ ಅಳಿಸಿ ಮೇಲೊಂದು ಹಾಡು ಹಾಕುವುದು ನನಗಂತೂ ಒಪ್ಪಿಗೆಯಿಲ್ಲ. ಒಳ್ಳೆಯ ಸದ್ದು ಬರುವ ಜಾಗದಲ್ಲಿ ಅರ್ಧ ನಿಮಿಷ ಮೊಬೈಲ್ ಅಲುಗದೆ ಹಿಡಿದು ಬರೀ ಸದ್ದಿಗೆಂದೇ ರೆಕಾರ್ಡ್ ಮಾಡಿಕೊಳ್ಳಿ. ಎಡಿಟ್ ಮಾಡುವಾಗ ಎಲ್ಲ ತುಣುಕುಗಳ ಕೆಳಗೆ ಅದನ್ನು ಹಾಸಬಹುದು. ಮಾತಾಡುತ್ತಾ ಹಿಡಿಯುವುದಾದರೆ ಮೈಕಿನ ಕಿಂಡಿಗೆ ಗಾಳಿ ನೇರ ಹೊಡೆಯದ ಹಾಗೆ ನಿಲ್ಲಿ.

ಒಂದು ಸಣ್ಣ ತಾಂತ್ರಿಕ ತೊಡಕಿದೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ನೀವು 100 ಮೀಟರ್ ದೂರ ಕೂತಿದ್ದರೆ ಬ್ಯಾಟಿನ ಸದ್ದು ಸುಮಾರು 0.3 ಸೆಕೆಂಡ್ ತಡವಾಗಿ ಬರುತ್ತದೆ. ಮೈದಾನದಲ್ಲಿ ಅದು ಸಹಜ ಅನಿಸುತ್ತದೆ. ಜೂಮ್ ಮಾಡಿ ಹತ್ತಿರ ತಂದ ವಿಡಿಯೊದಲ್ಲಿ ಎಡವಟ್ಟಾಗಿ ಕೇಳುತ್ತದೆ. ಎಡಿಟ್ ಮಾಡುವಾಗ ಆಡಿಯೊ ಬೇರೆ ಮಾಡಿ, 30 ಫ್ರೇಮ್ ವಿಡಿಯೊದಲ್ಲಿ ಒಂಬತ್ತು ಫ್ರೇಮ್ ಹಿಂದಕ್ಕೆ ಎಳೆಯಿರಿ. ಸರಿಹೋಗುತ್ತದೆ.

ಸ್ಟೇಡಿಯಂ ಸ್ಪೀಕರ್‌ನಲ್ಲಿ ಹಾಡು ಹಾಕಿದಾಗ ಹಿಡಿದ ಕ್ಲಿಪ್‌ಗೂ ಹಕ್ಕುಸ್ವಾಮ್ಯದ ತಕರಾರು ಬರಬಹುದು. ಯೂಟ್ಯೂಬ್ ಶಾರ್ಟ್ಸ್ 2024ರ ಅಕ್ಟೋಬರ್ 15ರಿಂದ ಮೂರು ನಿಮಿಷದವರೆಗೂ ಇರಬಹುದು. ಆದರೆ ಒಂದು ನಿಮಿಷ ದಾಟಿದ ಶಾರ್ಟ್ಸ್‌ಗೆ ಇಂಥ ತಕರಾರು ಬಂದರೆ ಅದು ಯಾರಿಗೂ ಕಾಣದ ಹಾಗೆ ತಡೆಹಿಡಿಯಲಾಗುತ್ತದೆ. ಕ್ಲಬ್ಬಿನ ಪೇಜ್ ಬಿಸಿನೆಸ್ ಖಾತೆಯಾಗಿದ್ದರೆ ಇನ್‌ಸ್ಟಾಗ್ರಾಮ್‌ನಲ್ಲಿ ಸಿನಿಮಾ ಹಾಡುಗಳೆಲ್ಲ ಸಿಗುವುದೂ ಇಲ್ಲ. ಮೈದಾನದ ಸದ್ದಿಗೆ ಈ ತಲೆಬಿಸಿ ಯಾವುದೂ ಇಲ್ಲ.

ಮೊಬೈಲ್ ಕೆಳಗಿಳಿಸಬೇಕಾದ ಹೊತ್ತು

2021ರ ಜೂನ್ 12ರಂದು ಕೋಪನ್‌ಹೇಗನ್‌ನಲ್ಲಿ ಫಿನ್ಲೆಂಡ್ ವಿರುದ್ಧ ಫುಟ್‌ಬಾಲ್ ಆಡುತ್ತಿದ್ದಾಗ ಡೆನ್ಮಾರ್ಕ್‌ನ ಕ್ರಿಶ್ಚಿಯನ್ ಎರಿಕ್‌ಸನ್ ಹೃದಯ ನಿಂತು ಕುಸಿದು ಬಿದ್ದರು. ಅವರ ತಂಡದವರು ಸುತ್ತ ಗೋಡೆಯ ಹಾಗೆ ನಿಂತರು, ಕ್ಯಾಮೆರಾಗಳಿಗೆ ಕಾಣದ ಹಾಗೆ ಮುಖ ಹೊರಗೆ ಮಾಡಿ. ಕೆಲವರ ಕಣ್ಣಲ್ಲಿ ನೀರಿತ್ತು. ಆ ಗೋಡೆಯ ಸಂದಿಯಲ್ಲಿ ಜೂಮ್ ಎಳೆಯುವ ಕೈ ನಮ್ಮದಾಗಬಾರದು. ಎರಿಕ್‌ಸನ್ ಬದುಕಿ ಉಳಿದರು, ಮತ್ತೆ ಆಡಿದರು. ಆದರೆ ಆ ಕ್ಷಣದಲ್ಲಿ ಅವರ ಮನೆಯವರಿಗೆ ಏನು ಕಾಣಬೇಕಿತ್ತು, ಏನು ಕಾಣಬಾರದಿತ್ತು ಅಂತ ಯೋಚಿಸಿ ನೋಡಿ.

ಗಂಭೀರ ಗಾಯ, ಸ್ಟ್ಯಾಂಡಿನಲ್ಲಿ ಪ್ರಜ್ಞೆ ತಪ್ಪಿದವರು, ನೂಕುನುಗ್ಗಲು, ಜಗಳ. ಇಂಥ ಹೊತ್ತಲ್ಲಿ ರೆಕಾರ್ಡಿಂಗ್ ನಿಲ್ಲಿಸಿ. ಸಹಾಯ ಬೇಕಿದ್ದರೆ ಕೈ ಹಾಕಿ, ಇಲ್ಲದಿದ್ದರೆ ದಾರಿ ಬಿಡಿ. ಜನಜಂಗುಳಿ ಒತ್ತಿಕೊಂಡು ಬರುವಾಗ ಎರಡೂ ಕೈ ಖಾಲಿ ಇರಬೇಕು, ನಿಮ್ಮ ಜೀವಕ್ಕಾದರೂ.

ಮಕ್ಕಳ ವಿಷಯದಲ್ಲಿ ನಾನು ತುಂಬಾ ಕಟ್ಟುನಿಟ್ಟು. ಮುಖ ಗುರುತಾಗುವ ಹಾಗೆ ಹತ್ತಿರದಿಂದ ತೆಗೆಯುವ ಮುಂಚೆ ಜೊತೆಗಿರುವ ಅಪ್ಪ ಅಮ್ಮನನ್ನು ಕೇಳಿ. ಬೇಡ ಅಂದರೆ ಅಲ್ಲಿಗೆ ಮುಗಿಯಿತು. ಮಕ್ಕಳ ಪಂದ್ಯವೇ ಆದರೆ ಶಾಲೆ ಅಥವಾ ಕ್ಲಬ್ಬಿನಿಂದ ಮೊದಲೇ ಒಪ್ಪಿಗೆ ಇರಬೇಕು. ಹೆಸರು, ಶಾಲೆ, ಫೋಟೊ ಮೂರನ್ನೂ ಒಂದೇ ಪೋಸ್ಟ್‌ನಲ್ಲಿ ಸೇರಿಸಬೇಡಿ. ಸೋತು ಅಳುತ್ತಿರುವ ಮಗುವಿನ ವಿಡಿಯೊ ಹಾಕಬೇಡಿ, ಎಷ್ಟೇ ಮನಕರಗುವಂತಿದ್ದರೂ.

ಹೆಣ್ಣುಮಕ್ಕಳ ಆಟ ಹಿಡಿಯುವಾಗ ಯಾವ ಕೋನ, ಎಷ್ಟು ಹತ್ತಿರ ಅನ್ನುವುದನ್ನು ಒಂದು ಸಲ ನಿಂತು ಯೋಚಿಸಿ. ಆ ಚಿತ್ರದಲ್ಲಿ ಕಾಣುತ್ತಿರುವುದು ಆಟವಾ? ಅಲ್ಲದಿದ್ದರೆ ಅಳಿಸಿ.

ನೆಟ್‌ವರ್ಕ್ ಸಾಯುವ ಹೊತ್ತು ಮೊದಲೇ ಗೊತ್ತಿರಲಿ

ಸಾವಿರಾರು ಜನ ಒಂದೇ ಟವರ್‌ಗೆ ಜೋತುಬಿದ್ದಿರುತ್ತಾರೆ. ಇಂಟರ್ವಲ್ ಆದ ಕೂಡಲೇ ಎಲ್ಲರೂ ಒಟ್ಟಿಗೆ ಅಪ್‌ಲೋಡ್ ಒತ್ತುತ್ತಾರೆ. ನೀವೂ ಆಗಲೇ ಒತ್ತಿದರೆ ಗುಂಡಗೆ ತಿರುಗುತ್ತಲೇ ಇರುತ್ತದೆ. ಅದಕ್ಕೆ ನಾನು ಆಟ ನಡೆಯುವಾಗಲೇ, ಎಲ್ಲರ ಕಣ್ಣು ಮೈದಾನದ ಮೇಲಿರುವಾಗ ಕಳಿಸುತ್ತೇನೆ. ಬೇರೆ ಕಂಪನಿಯ ಎರಡನೇ ಸಿಮ್ ಇದ್ದರೆ ಒಳ್ಳೆಯದು. ಸ್ಟ್ಯಾಂಡಿನ ಹಿಂದಿನ ಓಣಿಗೆ ಎದ್ದು ಹೋದರೂ ಎಷ್ಟೋ ಸಲ ಸಿಗ್ನಲ್ ಸಿಗುತ್ತದೆ. ಪೋಸ್ಟ್ ಹಾಕಲೇಬೇಕಾದ ಜವಾಬ್ದಾರಿ ಇದ್ದರೆ ಹೊರಗೆ ಕೂತ ಒಬ್ಬರನ್ನು ಜೊತೆಗಿಟ್ಟುಕೊಳ್ಳಿ. ನೀವು ಒಂದು ಫೋಟೊ, ಒಂದು ಸಾಲು ಕಳಿಸಿದರೆ ಉಳಿದದ್ದನ್ನು ಅವರು ಮಾಡುತ್ತಾರೆ.

ಸಿಗ್ನಲ್ ಹುಡುಕುತ್ತಾ ಮೊಬೈಲ್ ಬ್ಯಾಟರಿ ತಿನ್ನುತ್ತದೆ. ಬೇಡದ ಹೊತ್ತಲ್ಲಿ ಏರೋಪ್ಲೇನ್ ಮೋಡ್‌ಗೆ ಹಾಕಿ.

ಹಾಕುವ ಮುಂಚೆ ಎರಡು ಸಲ ನೋಡಿ

ಗೆದ್ದರೊಂದು, ಸೋತರೊಂದು ಕ್ಯಾಪ್ಶನ್ ಮೊದಲೇ ಬರೆದಿಟ್ಟುಕೊಳ್ಳುವುದು ಒಳ್ಳೆಯದೇ. ಆದರೆ ಎರಡನ್ನೂ ಬೇರೆ ಬೇರೆ ಕಡೆ ಇಡಿ. ಒಂದು ಸಲ ನಾನು ಸೋತ ತಂಡದ ಪೇಜ್‌ನಲ್ಲಿ ಗೆಲುವಿನ ಸಾಲು ಹಾಕಿ, ನಾಲ್ಕು ನಿಮಿಷದ ಮೇಲೆ ಅಳಿಸಿದೆ. ಅಷ್ಟರಲ್ಲಿ ಆಟಗಾರರೇ ನೋಡಿಯಾಗಿತ್ತು. ಅವತ್ತು ಅವರ ಮುಖ ನೋಡುವುದು ಕಷ್ಟವಾಯಿತು.

ಗೋಲ್ ಆಯಿತು ಅಂತ ಕೂಗಿದ ಕೂಡಲೇ ಪೋಸ್ಟ್ ಮಾಡಬೇಡಿ. ವಿಡಿಯೊ ಅಂಪೈರ್, ರೆಫರಿ ತೀರ್ಪು ಮುಗಿಯಲಿ. ಅಥ್ಲೆಟಿಕ್ಸ್‌ನಲ್ಲಂತೂ ಫಲಿತಾಂಶ ಗಟ್ಟಿಯಾಗುವವರೆಗೂ ಕಾಯಬೇಕು. 2024ರ ಸೆಪ್ಟೆಂಬರ್ 7ರಂದು ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನ ಎಫ್41 (ಕುಳ್ಳ ಮೈಕಟ್ಟಿನವರ ವಿಭಾಗ) ಈಟಿ ಎಸೆತದಲ್ಲಿ ನವದೀಪ್ ಸಿಂಗ್ 47.32 ಮೀಟರ್ ಎಸೆದು ಎರಡನೆಯವರಾಗಿದ್ದರು. ಮೊದಲ ಸ್ಥಾನದಲ್ಲಿದ್ದ ಇರಾನ್‌ನ ಸಾದೆಗ್ ಬೈತ್ ಸಯಾ ಅನರ್ಹಗೊಂಡರು. ನವದೀಪ್ ಬೆಳ್ಳಿ ಚಿನ್ನವಾಯಿತು. ಆತುರಪಟ್ಟು ಬೆಳ್ಳಿ ಅಂತ ಹಾಕಿದವರೆಲ್ಲ ಮತ್ತೆ ಬರೆಯಬೇಕಾಯಿತು.

ಎಡಿಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೊದಲ ಎರಡು ಸೆಕೆಂಡಿನಲ್ಲಿ ಮುಖ ಅಥವಾ ಚಲನೆ ಇರಲಿ, ಸ್ಟೇಡಿಯಂ ಹೊರಗಿನ ಬೋರ್ಡಿನಿಂದ ಶುರು ಮಾಡಬೇಡಿ. ಅಕ್ಷರಗಳನ್ನು ಪರದೆಯ ಕೆಳಗೂ ಬಲ ಅಂಚಿಗೂ ಇಡಬೇಡಿ, ಅಲ್ಲಿ ಆ್ಯಪ್‌ನ ಗುಂಡಿಗಳು ಮುಚ್ಚುತ್ತವೆ. ಮಾತಿದ್ದರೆ ಕೆಳಗೆ ಬರಹದಲ್ಲೂ ಕೊಡಿ. ಸದ್ದು ಬಂದ್ ಮಾಡಿ ನೋಡುವವರಿದ್ದಾರೆ, ಕಿವಿ ಕೇಳದವರೂ ನೋಡುತ್ತಾರೆ. ಫೋಟೊಗೆ ಆಲ್ಟ್ ಟೆಕ್ಸ್ಟ್ (ಚಿತ್ರದಲ್ಲಿ ಏನಿದೆ ಅಂತ ಹೇಳುವ ಸಾಲು) ಬರೆದರೆ ಕಣ್ಣು ಕಾಣದವರಿಗೂ ಪಂದ್ಯ ಮುಟ್ಟುತ್ತದೆ.

ಕ್ಯಾಪ್ಶನ್‌ನಲ್ಲಿ ಕಂಡಿದ್ದನ್ನು ಬರೆಯಿರಿ. 'ಅದ್ಭುತ ಕ್ಷಣ' ಅಂತ ಬರೆದರೆ ಯಾರಿಗೂ ಏನೂ ಕಾಣುವುದಿಲ್ಲ. 'ಐದನೇ ಸೆಟ್, 13–13. ಸರ್ವಿಸ್‌ಗೆ ಮುಂಚೆ ನೆಲ ಒರೆಸಿದ್ದು ಇವಳೇ' ಅಂತ ಬರೆದರೆ ಕಾಣುತ್ತದೆ.

ಪಂದ್ಯ ನಡೆಯುವಾಗ ಎರಡು ಮೂರು ಸ್ಟೋರಿ ಸಾಕು. ಮುಗಿದ ಒಂದು ಗಂಟೆಯೊಳಗೆ ಒಂದು ಒಳ್ಳೆಯ ರೀಲ್ ಹೋಗಲಿ. ಉಳಿದ ಫೋಟೊಗಳು ಮಾರನೇ ದಿನ ನಿಧಾನಕ್ಕೆ ಬಂದರೆ ಅಡ್ಡಿಯಿಲ್ಲ. ಸೀಟು ನಂಬರ್ ಕಾಣುವ ಟಿಕೆಟ್, ಬಾರ್‌ಕೋಡ್, ಪಾಸ್ ಫೋಟೊ ಹಾಕಲೇಬೇಡಿ.

ಮಾರನೇ ದಿನ

ಬೆಳಿಗ್ಗೆ ಎಲ್ಲವನ್ನೂ ಬೇರೆ ಕಡೆ ನಕಲು ಮಾಡಿ, ತಾರೀಕು, ಪಂದ್ಯದ ಹೆಸರು ಹಾಕಿದ ಫೋಲ್ಡರ್‌ಗೆ ಹಾಕಿ. ಆಮೇಲೆ ಕಾಮೆಂಟ್ ಓದಿ. ಹೆಸರು ತಪ್ಪಾಗಿದೆ ಅಂತ ಯಾರಾದರೂ ಹೇಳಿದ್ದರೆ ಕೂಡಲೇ ತಿದ್ದಿ, ಹೇಳಿದವರಿಗೆ ಥ್ಯಾಂಕ್ಸ್ ಹೇಳಿ. ಆಟಗಾರರನ್ನು ಬೈಯುವ ಕೊಳಕು ಕಾಮೆಂಟ್‌ಗಳನ್ನು ತೆಗೆದುಹಾಕಿ. ಅದು ನಿಮ್ಮ ಪೋಸ್ಟ್, ಅಲ್ಲಿ ಏನಿರಬೇಕು ಅನ್ನುವುದು ನಿಮ್ಮ ಜವಾಬ್ದಾರಿ.

ಒಂದು ಕೆಲಸ ಉಳಿಯಿತು. ಟಿವಿಯಲ್ಲಿ ಬರದ ಪಂದ್ಯಗಳ ಆಟಗಾರರಿಗೆ ತಾವು ಆಡಿದ್ದರ ಒಂದು ಒಳ್ಳೆಯ ಫೋಟೊ ಕೂಡ ಇರುವುದಿಲ್ಲ. ನೀವು ಹಿಡಿದ ಮೂಲ ಫೈಲನ್ನು, ಮೇಲೆ ನಿಮ್ಮ ಹೆಸರಿನ ಗುರುತು ಹಾಕದೆ, ಕ್ಲಬ್ ಮೂಲಕ ಅವರಿಗೆ ಕಳಿಸಿ. ಆ ಒಂಬತ್ತು ಸೆಕೆಂಡಿನ ವಿಡಿಯೊ ನಾನು ಹಾಗೇ ಕಳಿಸಿದ್ದೆ. ಎರಡು ದಿನ ಬಿಟ್ಟು ಅವಳ ಅಮ್ಮನಿಂದ ಒಂದು ವಾಯ್ಸ್ ಮೆಸೇಜ್ ಬಂತು. ಮನೆಯಲ್ಲೂ ಹಾಗೇ, ನೆಲದ ಮೇಲೆ ಒಂದು ಹನಿ ನೀರು ಬಿದ್ದರೂ ಮೊದಲು ಒರೆಸುವುದು ಅವಳೇ ಅಂತ.